ಹೇಳಿದರೆ ಮುರಿಯುವ ಮದ್ದು

ಫೆಬ್ರವರಿ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ಹುಲಗೋಳದ ಸತೀಶ ಶಿರಸಿಯ ಠಾಣೆಗೆ ಬಂದ. ರಾತ್ರಿಯಿಡೀ ನಿದ್ದೆ ಇಲ್ಲದ ಮುಖ. ಬರೆದು ತಂದಿದ್ದ ದೂರನ್ನು ಇನ್ಸ್‌ಪೆಕ್ಟರ್ ಚೇತನಾ ಅವರ ಮೇಜಿನ ಮೇಲಿಟ್ಟು ನಿಂತೇ ಇದ್ದ.

ಅವನ ತಂಗಿ ದಿವ್ಯಾ ಪೇಟೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಮಲಗಿದ್ದಳು. ಇಪ್ಪತ್ತೆರಡರ ಹುಡುಗಿ. ಅಪೆಂಡಿಕ್ಸ್ ಒಡೆದಿದೆ ಎಂದು ಶುಕ್ರವಾರ ಹೊಟ್ಟೆ ಕೊಯ್ದಿದ್ದರು. ಆಮೇಲೆ ಜ್ವರ ಇಳಿಯಲೇ ಇಲ್ಲ, ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡಿತು. ಡಾಕ್ಟರು ಒಳಗೆ ಬಟ್ಟೆ ಮರೆತು ಹೊಲಿದಿದ್ದಾರೆ, ಅವರ ಮೇಲೆ ಎಫ್‌ಐಆರ್ ಹಾಕಬೇಕು, ಹೊಟ್ಟೆಯನ್ನು ಮತ್ತೊಮ್ಮೆ ಬಿಚ್ಚಿಸಬೇಕು ಎಂಬುದು ದೂರಿನ ಸಾರ.

"ಬಟ್ಟಿ ಅಂತ ಯಾರು ಹೇಳಿದ್ರು?" ಚೇತನಾ ಕೇಳಿದರು. ಅವರದು ಹಾವೇರಿ ಕಡೆ. ಶಿರಸಿಗೆ ಬಂದು ವರ್ಷವಾಗಿರಲಿಲ್ಲ.

"ಎಲ್ಲರೂ ಹೇಳ್ತಿದ್ರು ಮೇಡಂ."

"ಎಲ್ಲರೂ ಒಳಗ ಹೋಗಿ ನೋಡ್ಯಾರೇನು? ಕೂಡ್ರಿ. ಡಾಕ್ಟರ ಮ್ಯಾಲಿನ ದೂರಿಗೆ ಮೊದಲು ವಿಚಾರಣೆ, ಆಮೇಲೆ ಎಫ್‌ಐಆರ್. ನಡೀರಿ, ಹುಡುಗಿನ್ನ ನೋಡೋಣು."

ಹೆಡ್ ಕಾನ್‌ಸ್ಟೆಬಲ್ ರಾಮ ಜೀಪು ತೆಗೆದ. ಅವನು ಇದೇ ಸೀಮೆಯವನು. ಯಾವ ಕೇರಿಯಲ್ಲಿ ಯಾರ ಮನೆ ಎಂದು ಕೇಳಿದರೆ ಆ ಮನೆಯ ಅಜ್ಜನ ಹೆಸರಿನಿಂದ ಶುರು ಮಾಡುವವನು. ಅವತ್ತು ಮಾತ್ರ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ಶ್ರೀವಾಣಿ ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಬಟ್ಟೆ ಇಲ್ಲ. ಕೀವು ಇದೆ. ಒಳಗಿನ ಹೊಲಿಗೆ ಸೋರ್ತಾ ಇರಬಹುದು. ಇಲ್ಲದಿದ್ದರೆ ನಾನು ಕೊಡುವ ಔಷಧಿ ಆ ಕೀವಿಗೆ ನಾಟ್ತಾ ಇಲ್ಲ. ಸೋರಿದ್ರೆ ಇವತ್ತೇ ಮತ್ತೆ ಕೊಯ್ಯಬೇಕು. ಈ ಸ್ಥಿತೀಲಿ ಅವಳು ಅದನ್ನ ತಾಳ್ತಾಳೆ ಅಂತ ನನಗೆ ಧೈರ್ಯ ಇಲ್ಲ."

"ಔಷಧ ನಾಟದ ಇರೋದು ಯಾವಾಗ್ರಿ?"

"ಆ ಜಾತಿಯ ಆಂಟಿಬಯೋಟಿಕ್ ಮೊದಲೇ ಸ್ವಲ್ಪ ಸ್ವಲ್ಪ ತಿಂದಿದ್ದರೆ. ಕರುಳಲ್ಲಿರುವ ಕ್ರಿಮಿಗಳಲ್ಲಿ ಬಡಕಲಾದವು ಸಾಯ್ತವೆ, ಗಟ್ಟಿಯವು ಉಳಿದು ಬೆಳೀತವೆ. ಅಪೆಂಡಿಕ್ಸ್ ಒಡೆದಾಗ ಹೊಟ್ಟೆಯೊಳಗೆ ಚೆಲ್ಲೋದು ಆ ಗಟ್ಟಿಯವೇ."

"ಕೀವಿನ ಪರೀಕ್ಷೆ?"

"ಹುಬ್ಬಳ್ಳಿಗೆ ಹೋಗಿದೆ. ವರದಿ ಗುರುವಾರ ಬರುತ್ತೆ. ಅಲ್ಲಿವರೆಗೆ ಕಾಯೋ ಶಕ್ತಿ ಹುಡುಗಿಗಿಲ್ಲ. ಮೊದಲು ಏನಾದ್ರೂ ತಿಂದಿದ್ಲಾ ಅಂತ ಮನೆಯವರನ್ನ ದಿನಾ ಕೇಳ್ತಿದ್ದೇನೆ. ಇಲ್ಲ ಅಂತಾರೆ."

ತಾಯಿ ಮಂಜಿ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕುಳಿತಿದ್ದಳು. ಚೇತನಾ ಅವಳ ಪಕ್ಕದಲ್ಲೇ ಕುಳಿತರು.

"ಮನ್ಯಾಗ ಗುಳಿಗಿ ಏನರ ಕೊಟ್ಟಿದ್ರೇನವ್ವಾ?"

"ಇಲ್ಲ."

"ಇಂಜೆಕ್ಷನ್?"

"ಇಲ್ಲ."

"ಊರ ಮದ್ದು?"

ಮಂಜಿಯ ಕೈ ಸೊಂಟದ ಸೆರಗಿನ ಗಂಟಿನ ಮೇಲೆ ಹೋಗಿ ಕುಳಿತಿತು. "ಇಲ್ಲ ಅಂದೆ ಅಲ್ದಾ? ಎಷ್ಟು ಸರ್ತಿ ಕೇಳೂದು! ಹೊಟ್ಟೆ ಕೊಯ್ದವ್ರನ್ನ ಬಿಟ್ಟು ಹೆತ್ತವ್ಳನ್ನ ಕೇಳ್ತ್ರಿ."

ರಾಮ ಕಿಟಕಿಯ ಕಡೆ ತಿರುಗಿ ನಿಂತಿದ್ದ.

ಚೇತನಾ ಮತ್ತೆ ಡಾಕ್ಟರ ಕೋಣೆಗೆ ಹೋಗಿ, ಹೀಗೆ ಔಷಧಿ ನಾಟದ ಹೊಟ್ಟೆ ಈ ಮೊದಲು ಬಂದಿತ್ತೇ ಎಂದು ಕೇಳಿದರು. ಶ್ರೀವಾಣಿ, ಕಳೆದ ಮಳೆಗಾಲದಲ್ಲಿ ಒಬ್ಬಳು, ನೂರ್ಜಹಾನ್ ಎಂದು, ಉಳಿಯಲಿಲ್ಲ ಎಂದರು. ಅವಳ ಗಂಡ ಗನಿ ಪೇಟೆಯಲ್ಲಿ ಟೆಂಪೋ ಓಡಿಸುತ್ತಿದ್ದ. ಅವನೂ ಅವತ್ತು ಏನೂ ಕೊಟ್ಟಿಲ್ಲ ಎಂದಿದ್ದನಂತೆ.

ಗನಿ ಟೆಂಪೋ ಕೆಳಗೆ ತಲೆ ಹಾಕಿ ಮಲಗಿದ್ದ. ಬೂಟು ಕಂಡು ಹೊರಗೆ ಜರುಗಿದ.

"ಮೇಡಂ, ಇನ್ಶೂರೆನ್ಸ್ ಮೊನ್ನೆನೇ ಕಟ್ಟಿದ್ದೆ. ಹೊಗೆ ಸರ್ಟಿಫಿಕೇಟೂ ಉಂಟು. ಹೊಗೆ ಮಾತ್ರ ಸ್ವಲ್ಪ ಜಾಸ್ತಿ."

"ಗಾಡಿ ವಿಷಯ ಅಲ್ಲ. ನೂರ್ಜಹಾನ್ ವಿಷಯ."

ಗನಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಅರಿವೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. ಹುಲಗೋಳದ ಹುಡುಗಿಯ ಸಂಗತಿಯನ್ನು ಚೇತನಾ ಬಚ್ಚಿಡದೆ ಹೇಳಿದರು. ಮತ್ತೆ ಕೊಯ್ಯಬೇಕೋ ಬೇಡವೋ, ಅದು ಇವತ್ತು ತೀರ್ಮಾನವಾಗಬೇಕು ಎಂದರು.

"ಡಾಕ್ಟ್ರು ನನ್ನನ್ನೂ ಕೇಳಿದ್ರು," ಗನಿ ಹೇಳಿದ. "ಕೈ ಹಿಡ್ಕಂಡು ಕೇಳಿದ್ರು. ನಾನು ಇಲ್ಲ ಅಂದೆ."

"ಯಾಕ್ರಿ?"

"ಆ ಮದ್ದಿನ ಕಟ್ಟು ಹಂಗೇ ಮೇಡಂ. ತಿಂದವ್ರು ಯಾರ ಹತ್ರನೂ ಹೇಳಬಾರ್ದು, ಹೇಳಿದ್ರೆ ಮದ್ದು ಮುರೀತದೆ. ಮುರಿದ್ರೆ ರೋಗ ಇಮ್ಮಡಿ ಆಗಿ ತಿರುಗಿ ಬರ್ತದೆ. ಅವಳು ಅಲ್ಲಿ ಒದ್ದಾಡ್ತಿದ್ಲು. ನಾನು ಬಾಯಿ ಬಿಟ್ಟು ಅವಳನ್ನ ಕೊಲ್ಲೂದು ಹೆಂಗೆ ಅಂತ ಸುಮ್ನಾದೆ." ಅವನು ತಲೆ ಎತ್ತಲಿಲ್ಲ. "ಸುಮ್ನಾಗಿ ಕೊಂದೆ."

"ಕೊಟ್ಟವರು ಯಾರು?"

"ಮತ್ತಿಘಟ್ಟದಲ್ಲಿ…" ಎಂದವನು ಅಲ್ಲಿಗೇ ನಿಂತ. ಈಗಲೂ ಆ ಹೆಸರು ಅವನ ಬಾಯಿಗೆ ಬರಲೊಲ್ಲದು.

"ಅನಂತಮೂರ್ತಿ ಹೆಗಡೇರು," ಹಿಂದಿನಿಂದ ರಾಮ ಹೇಳಿದ. "ಬೆಲ್ಲದ ಉಂಡೆ. ಬಾಳೆಪಟ್ಟೆಯಲ್ಲಿ ಕಟ್ಟಿ ಕೊಡ್ತ್ರು."

ಚೇತನಾ ತಿರುಗಿ ನೋಡಿದರು.

"ನಿಮಗ ಹೆಂಗ ಗೊತ್ತು?"

"ಹೋದ ವರ್ಷ ನಾನೂ ತಿಂದಿದ್ದೆ ಮೇಡಂ. ಹೊಟ್ಟೆನೋವಿಗೆ."

"ಬೆಳಿಗ್ಗೆಯಿಂದ ನನ್ನ ಸಂಗಾಟನ ಇದ್ದೀರಲ್ರಿ! ಆ ಹೆಣ್ಮಗಳನ್ನ ನಾ ಕೇಳೂವಾಗ ಬಾಜೂಕನ ನಿಂತಿದ್ರಿ!"

ರಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇಪ್ಪತ್ತು ವರ್ಷ ಬೇರೆಯವರ ಬಾಯಿ ಬಿಡಿಸಿದ ಮನುಷ್ಯ. ಗನಿ ಹೇಳಿದ ಆ ಕಟ್ಟು ಅವನ ಬಾಯನ್ನೂ ಕಟ್ಟಿಹಾಕಿತ್ತು.

ಗನಿ ತಾನಾಗಿ ಜೀಪು ಹತ್ತಿದ. ಆಸ್ಪತ್ರೆಯಲ್ಲಿ ಮಂಜಿಯ ಎದುರು ನೆಲದ ಮೇಲೆ ಕುಳಿತ.

"ಅಕ್ಕಾ, ನಾನೂ ಹೇಳಿರ್ಲಿಲ್ಲ. ಮದ್ದಿನ ಮಾತು ಉಳೀತು. ನನ್ನ ಹೆಂಡತಿ ಉಳೀಲಿಲ್ಲ."

ಮಂಜಿ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೊಂಟದ ಗಂಟು ಬಿಚ್ಚಿ ಒಣಗಿದ ಬಾಳೆಪಟ್ಟೆಯ ಪೊಟ್ಟಣವೊಂದನ್ನು ತೆಗೆದು ಚೇತನಾ ಅವರ ಕೈಗೆ ಕೊಟ್ಟಳು. ಯಾರೂ ಇಲ್ಲದಾಗ ಮಗಳ ಬಾಯಿಗೆ ಹಾಕಬೇಕೆಂದು ಇಟ್ಟುಕೊಂಡಿದ್ದಳು. ದಿವ್ಯಾಗೆ ದೀಪಾವಳಿಯಿಂದ ಆಗಾಗ ಹೊಟ್ಟೆನೋವು. ನೋವು ಬಂದಾಗಲೆಲ್ಲ ಎರಡು ಉಂಡೆ, ಕಡಿಮೆಯಾದ ಕೂಡಲೇ ನಿಲ್ಲಿಸುವುದು. ಹೀಗೆ ನಡೆದಿತ್ತು.

"ನಾ ಹೇಳಿದ್ದಕ್ಕೆ ಅವ್ಳಿಗೆ ಎಂತಾದ್ರೂ ಆದ್ರೆ ನಿಮ್ಮನ್ನ ಬಿಡೂದಿಲ್ಲ ನಾನು," ಎಂದು ಅತ್ತಳು. ಸತೀಶ ಅಲ್ಲೇ ಇದ್ದ. ಅವನಿಗೂ ಉಂಡೆಯ ವಿಷಯ ಗೊತ್ತಿತ್ತು ಎಂಬುದು ಅವನು ಗೋಡೆ ನೋಡುತ್ತಿದ್ದುದರಲ್ಲೇ ತಿಳಿಯುತ್ತಿತ್ತು.

ಶ್ರೀವಾಣಿ ಉಂಡೆಯನ್ನು ಒಡೆದು ನೋಡಿದರು. ಬೆಲ್ಲ, ಓಮ, ಶುಂಠಿ. ನಡುವೆ ಬಿಳಿಯ ಪುಡಿಯ ಗೆರೆ. "ಇದು ಬೇರಲ್ಲ, ನಾರಲ್ಲ. ಆದರೆ ಯಾವ ಔಷಧಿ ಅಂತ ಕಣ್ಣಿಂದ ನೋಡಿ ಹೇಳೋಕಾಗಲ್ಲ. ಹೆಸರು ಬೇಕು ನನಗೆ."

ಮಧ್ಯಾಹ್ನ ಒಂದೂವರೆಗೆ ಜೀಪು ಮತ್ತಿಘಟ್ಟದ ಆ ಮನೆಯೆದುರು ನಿಂತಿತು. ಊರಿನ ಇಬ್ಬರನ್ನು ಪಂಚರಾಗಿ ಕರೆಸಿದರು. ಅನಂತಮೂರ್ತಿ ಹೆಗಡೆ ಜಗುಲಿಯ ಮೇಲೆ ಬಾಳೆಪಟ್ಟೆ ಸೀಳುತ್ತಿದ್ದರು. ಅರವತ್ತರ ಹತ್ತಿರದ ತೆಳ್ಳಗಿನ ಮನುಷ್ಯ. ಹೊಟ್ಟೆಯ ರೋಗಕ್ಕೆ ಮದ್ದು ಕೊಡುವ ಮನೆ ಎಂದು ಅವರ ಅಪ್ಪನ ಕಾಲದಿಂದಲೂ ಸುತ್ತಿನ ಊರಿಗೆಲ್ಲ ಹೆಸರು. ಸಿದ್ದಾಪುರದಿಂದ, ಯಲ್ಲಾಪುರದ ಉಮ್ಮಚಗಿಯಿಂದಲೂ ಜನ ಬರುತ್ತಿದ್ದರು. ಮದ್ದಿಗೆ ದುಡ್ಡು ಮುಟ್ಟಬಾರದು ಎಂಬುದು ಆ ಮನೆಯ ಕಟ್ಟಳೆ. ಒಂದು ತೆಂಗಿನಕಾಯಿ, ಒಂದು ವೀಳ್ಯ. ಅಷ್ಟೇ.

"ಆಸರಿಗೆ ಎಂತಾದ್ರೂ ಬೇಕಿತ್ತಾ?" ಎಂದು ಕೇಳಿದರು. ಕುಡಿಯಲು ಏನೂ ಬೇಡವೆಂದು ಪೊಲೀಸರು ಒಳಗೆ ನಡೆದರು.

ಒರಳು, ಬೆಲ್ಲದ ಡಬ್ಬಿ, ಓಮದ ಭರಣಿ ಪಂಚನಾಮೆಗೆ ಸೇರಿದವು. ಅದರಲ್ಲೇನೂ ಇರಲಿಲ್ಲ. ಹಿತ್ತಲಿನ ಬೂದಿಗುಂಡಿಯನ್ನು ರಾಮ ಕೋಲಿನಿಂದ ಕೆದಕಿದ. ಬೂದಿಯ ಕೆಳಗೆ ಕ್ಯಾಪ್ಸೂಲಿನ ಖಾಲಿ ಸಿಪ್ಪೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕೊನೆಗೆ ಅಟ್ಟದ ಮೇಲೆ, ಹಳೆಯ ಅಡಿಕೆಹಾಳೆಗಳ ಹಿಂದೆ, ಎರಡು ಚೀಲಗಳಲ್ಲಿ ಕ್ಯಾಪ್ಸೂಲು ತುಂಬಿದ ಪಟ್ಟಿಗಳು ಸಿಕ್ಕವು. ಒಂದು ಚೀಲ ಸಿದ್ದಾಪುರದ ಔಷಧಿ ಅಂಗಡಿಯದು, ಇನ್ನೊಂದು ಯಲ್ಲಾಪುರದ್ದು. ಗುರುತಿನವರು ಸಿಗುವ ಶಿರಸಿಯಲ್ಲಿ ಹೆಗಡೇರು ಒಂದೂ ಕೊಂಡಿರಲಿಲ್ಲ. ಅಂಗಡಿಯವರೂ ಡಾಕ್ಟರ ಚೀಟಿ ಕೇಳದೆ ಕೊಟ್ಟಿದ್ದರು.

ಚೇತನಾ ಅಂಗಳದಲ್ಲಿ ನಿಂತು ಆಸ್ಪತ್ರೆಗೆ ಫೋನ್ ಮಾಡಿ ಪಟ್ಟಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು.

"ನಾನು ಹಾಕ್ತಿರೋ ಇಂಜೆಕ್ಷನ್ ಇದರ ಅಣ್ಣ," ಶ್ರೀವಾಣಿ ಹೇಳಿದರು. "ಇದನ್ನ ತಿಂದು ಬದುಕಿದ ಕ್ರಿಮಿಗೆ ಅದು ಹೇಗೆ ನಾಟಬೇಕು? ಸಾಕು ಮೇಡಂ. ಈಗ ಕೊಯ್ಯೋದಿಲ್ಲ. ಔಷಧಿ ಬದಲಿಸ್ತೇನೆ."

ಗುರುವಾರ ಹುಬ್ಬಳ್ಳಿಯಿಂದ ಬಂದ ವರದಿ ಅದನ್ನೇ ಹೇಳಿತು. ಕೀವಿನ ಕ್ರಿಮಿ ಮಾಮೂಲು ಔಷಧಿಗಳಿಗೆಲ್ಲ ಬೆನ್ನು ತಿರುಗಿಸಿತ್ತು. ಹೊಸದಾಗಿ ಹಾಕಿದ್ದಕ್ಕೆ ಮಾತ್ರ ಬಗ್ಗುತ್ತಿತ್ತು. ಶುಕ್ರವಾರ ದಿವ್ಯಾಳ ಜ್ವರ ಇಳಿಯಿತು, ಅವಳು ಗಂಜಿ ಕೇಳಿದಳು.

ಸತೀಶ ಠಾಣೆಗೆ ಬಂದು ತನ್ನ ದೂರನ್ನು ವಾಪಸು ತೆಗೆದುಕೊಂಡ. ಡಾಕ್ಟರ ಮುಖ ನೋಡಲಾಗದೆ ಆಸ್ಪತ್ರೆಯ ಹಿಂಬಾಗಿಲಿನಿಂದ ಓಡಾಡುತ್ತಿದ್ದೇನೆ ಎಂದ. ಹೆಗಡೇರ ಮೇಲೆ ದೂರು ಬರೆದು ಕೊಡುತ್ತೀಯಾ ಎಂದು ಕೇಳಿದರೆ, "ನಾ ಬರೆಯೂದಿಲ್ಲ ಮೇಡಂ. ಊರಲ್ಲಿ ಬಾಳ್ಬೇಕಲ್ಲ," ಎಂದು ಹೊರಟುಹೋದ.

ಬರೆದು ಕೊಟ್ಟವನು ಗನಿ. ಸಹಿ ಹಾಕುವ ಮುಂಚೆ, "ಇದರಲ್ಲಿ ನಾನು ಡಾಕ್ಟ್ರಿಗೆ ಸುಳ್ಳು ಹೇಳಿದ್ದೂ ಬರೀರಿ," ಎಂದ. ರಾಮ ಬರೆದ. ಬರೆಯುವಾಗ ಅವನ ಪೆನ್ನು ಅಲ್ಲಿ ಒಮ್ಮೆ ನಿಂತಿತು. ವಂಚನೆ, ನಿರ್ಲಕ್ಷ್ಯದಿಂದ ಸಾವು, ಜೀವಕ್ಕೆ ಅಪಾಯ ಎಂದು ಎಫ್‌ಐಆರ್ ದಾಖಲಾಯಿತು. ಎರಡು ಅಂಗಡಿಗಳ ವಿಷಯ ಔಷಧ ನಿಯಂತ್ರಣದವರಿಗೆ ಹೋಯಿತು.

ಫೆಬ್ರವರಿ ಹದಿನೈದು, ಶನಿವಾರ ಬೆಳಿಗ್ಗೆ ಬಂಧನಕ್ಕೆ ಹೋದಾಗ ಅನಂತಮೂರ್ತಿ ಹೆಗಡೆ ಸ್ನಾನ ಮುಗಿಸಿ, ಒಗೆದ ಅಂಗಿ ತೊಟ್ಟು ಕಾಯುತ್ತಿದ್ದರು.

"ದುಡ್ಡು ಮುಟ್ಟಿಲ್ಲ ನೀವು," ಚೇತನಾ ಹೇಳಿದರು. "ಗುಳಿಗಿ ಕೈಯಿಂದ ಕೊಂಡು ಹಾಕೀರಿ. ಮತ್ತ ಯಾಕ್ರಿ?"

ಅವರು ಜಗುಲಿಯ ಗೋಡೆಯ ಮೇಲಿದ್ದ ಅಪ್ಪನ ಪಟದ ಕಡೆ ನೋಡಿದರು.

"ನಿಮ್ಮ ಅಪ್ಪ ಕೊಡ್ತಿದ್ದ ಮದ್ದು ಯಾವುದು?"

"ಎಂಗೆ ಗೊತ್ತಿಲ್ಲೆ," ಎಂದರು. ಮನೆಮಾತಿನಲ್ಲೇ ಬಂತು. ಆಮೇಲೆ ಸರಿಪಡಿಸಿಕೊಂಡರು. "ನನಗೆ ಗೊತ್ತಿಲ್ಲ. ಮಗನಿಗೂ ಕಡೇ ಗಳಿಗೆಯಲ್ಲಿ ಮಾತ್ರ ಹೇಳಬೇಕು ಅಂತ ಇತ್ತು. ಅಪ್ಪನಿಗೆ ಲಕ್ವ ಹೊಡೀತು, ನಾಲಿಗೆ ಬಿದ್ದುಹೋತು. ನನ್ನ ಕೈ ಹಿಡಕೊಂಡು ಎಂತದೋ ಹೇಳಲೆ ನೋಡಿದ. ತಿಳಿಲಿಲ್ಲ. ಸೂತಕ ಕಳೆದ ಮರುದಿನವೇ ಜನ ಕಾಯಿ ಹಿಡಕೊಂಡು ಬಂದು ನಿಂತಿದ್ದರು. ಬೆಲ್ಲ, ಓಮ ಕಟ್ಟಿ ಕೊಟ್ಟೆ. ಗುಣ ಆಗ್ಲಿಲ್ಲ. ಅಪ್ಪನ ಕೈಗುಣ ಮಗನಿಗೆ ಬರಲಿಲ್ಲ ಹೇಳಿ ಜಗುಲಿ ಮೇಲೇ ಮಾತಾಡಿಕೊಂಡರು. ಒಳಗೆ ಕೂತು ಕೇಳಿದೆ. ನನಗೆ ಡಾಕ್ಟ್ರು ಬರೆದುಕೊಟ್ಟಿದ್ದ ಗುಳಿಗೆ ಮನೇಲಿ ಸ್ವಲ್ಪ ಉಳಿದಿತ್ತು. ಅದನ್ನೇ ಒಡೆದು ಹಾಕಿದೆ. ಗುಣ ಆತು. ಆಮೇಲೆ ನಿಲ್ಲಿಸಲೆ ಬಾಯಿ ಬರಲಿಲ್ಲ."

"ಗೊತ್ತಿಲ್ಲ ಅನ್ನಬಹುದಿತ್ತಲ್ರಿ. ಒಂದು ಮಾತು."

"ಹೌದು," ಎಂದರು. "ಒಂದೇ ಮಾತು. ನಾಚಿಕೆ ಆಗ್ತಿತ್ತು."

ಅವರು ಅಂಗಳಕ್ಕೆ ಇಳಿಯುವಾಗ ಬೇಲಿಬಾಗಿಲ ದಣಪೆ ದಾಟಿ ಒಬ್ಬ ಮುದುಕ ಬಂದ. ಕಂಕುಳಲ್ಲಿ ತೆಂಗಿನಕಾಯಿ, ಕೈಯಲ್ಲಿ ವೀಳ್ಯ. ಉಮ್ಮಚಗಿಯಿಂದ ಬೆಳಗಿನ ಬಸ್ಸಿಗೆ ಹೊರಟವನು. ಪೊಲೀಸರನ್ನು ಕಂಡು ಅಲ್ಲೇ ನಿಂತ.

"ಸೊಸೆಗೆ ಹೊಟ್ಟೆನೋವು, ಹೆಗಡೇರೆ."

ಹೆಗಡೇರು ಚೇತನಾ ಅವರ ಕಡೆ ನೋಡಿದರು. ಆಮೇಲೆ ಮುದುಕನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನನಗೆ ಮದ್ದು ಗೊತ್ತಿಲ್ಲ ಮಾರಾಯ. ಯಾವತ್ತೂ ಗೊತ್ತಿರಲಿಲ್ಲ. ಅವಳನ್ನ ಡಾಕ್ಟ್ರ ಹತ್ರ ಕರಕೊಂಡು ಹೋಗು."

ಮುದುಕ ಒಮ್ಮೆ ಪೊಲೀಸರನ್ನು ನೋಡಿದ, ಒಮ್ಮೆ ಹೆಗಡೇರನ್ನು ನೋಡಿದ. ಅವನ ಮುಖದಲ್ಲಿ ನಗು ಮೂಡಿತು. ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ.

"ಆತು, ಆತು. ತಿಳೀತು ನಂಗೆ," ಎಂದು ದನಿ ತಗ್ಗಿಸಿದ. "ಇವ್ರೆಲ್ಲ ಹೋದ್ಮೇಲೆ ಬರ್ತೆ. ನಾ ಯಾರ ಹತ್ರನೂ ಬಾಯಿ ಬಿಡೂದಿಲ್ಲ."

ಕಾಯಿ, ವೀಳ್ಯವನ್ನು ಜಗುಲಿಯ ತುದಿಯಲ್ಲಿಟ್ಟು, ಕೈಮುಗಿದು ಹೊರಟ. ರಾಮ ಜೀಪಿನ ಬಾಗಿಲು ಬಿಟ್ಟು ಅವನ ಹಿಂದೆ ಓಡಿದ. ದಣಪೆಯ ಹತ್ತಿರ ಹೋಗಿ ಅವನ ಹೆಗಲು ಹಿಡಿದು ನಿಲ್ಲಿಸಿ, "ಅಜ್ಜಾ, ಸ್ವಲ್ಪ ನಿಲ್ಲು. ನಾನೂ ತಿಂದಿದ್ದೆ ಅದನ್ನ. ಹೇಳ್ತೆ ಕೇಳು," ಎಂದು ಶುರು ಮಾಡಿದ.

ಹೆಗಡೇರು ಜೀಪಿನೊಳಗೆ ತಲೆ ತಗ್ಗಿಸಿ ಕುಳಿತು, ಅದನ್ನು ಕೊನೆಯವರೆಗೂ ಕೇಳಿಸಿಕೊಂಡರು.