ಸಾಕೆನ್ನಲು ಬಾರದವಳು

ಆರನೆಯ ರೊಟ್ಟಿ ತಟ್ಟೆಗೆ ಬಿದ್ದಾಗ ಶೈಲಜಾಳ ಕಣ್ಣಲ್ಲಿ ನೀರು ತುಂಬಿತ್ತು.

ಖಾರಕ್ಕಲ್ಲ. ಹೊಟ್ಟೆ ಬಿರಿಯುವಂತಾಗಿತ್ತು. ಆದರೂ ಬಡಿಸುತ್ತಿದ್ದವನಿಗೆ ಬೇಡ ಎನ್ನಲು ಅವಳ ನಾಲಿಗೆ ಏಳುತ್ತಿರಲಿಲ್ಲ.

ಹೂಡಿಯ ಅಡ್ಡರಸ್ತೆಯೊಂದರಲ್ಲಿ, ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿದ್ದ ಆ ಜೋಳದ ರೊಟ್ಟಿ ಖಾನಾವಳಿಗೆ ಅವಳು ಬಂದದ್ದು ಅದೇ ಮೊದಲು. ಅಲ್ಲಿನ ರೀತಿ ಅವಳಿಗೆ ಗೊತ್ತಿರದ್ದೇನಲ್ಲ. ಅವಳದೂ ಗಂಗಾವತಿಯ ಕಡೆಯ ಊರು. ಉಣ್ಣುವವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು 'ಸಾಕು' ಎನ್ನುವ ತನಕ ಬಡಿಸುವವರ ಕೈ ನಿಲ್ಲುವುದಿಲ್ಲ. ಸುಮ್ಮನಿದ್ದರೆ ಇನ್ನೂ ಬೇಕು ಎಂದೇ ಅರ್ಥ.

ಏಳನೆಯ ರೊಟ್ಟಿ ಹಿಡಿದು ಬಂದವನು ಅವಳ ಮುಖ ನೋಡಿ ನಿಂತುಬಿಟ್ಟ. ಮೂವತ್ತೆರಡು ಮೂವತ್ಮೂರರ ವಯಸ್ಸು. ತೋಳು ಮಡಚಿದ ಬಿಳಿ ಅಂಗಿ. ಹಣೆಯಲ್ಲಿ ಮಾಸಿದ ವಿಭೂತಿ.

"ಸಾಕೇನ್ರಿ ಮೇಡಂ?"

ಅವಳು ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ.

ಅವನು ರೊಟ್ಟಿಯನ್ನು ಬುಟ್ಟಿಗೆ ಮರಳಿ ಇಟ್ಟ. ಒಳಗೆ ಹೋಗಿ ಓಂಕಾಳು ಹಾಕಿದ ಮಜ್ಜಿಗೆ ತಂದು ಅವಳ ಮುಂದಿಟ್ಟ. ತಟ್ಟೆಯಲ್ಲಿ ಉಳಿದಿದ್ದನ್ನು ಯಾರ ಕಣ್ಣಿಗೂ ಬೀಳದಂತೆ ಸರಿಸಿ, ಮೆಲ್ಲಗೆ ಹೇಳಿದ.

"ಸಾಕು ಅನ್ನಾಕ ನಾಚಿಕಿ ಯಾಕ್ರಿ? ನೀವು ಅನ್ನಲಿಲ್ಲಂದ್ರ ನಮ್ಮ ಕೈ ನಿಲ್ಲಂಗಿಲ್ಲ."

ಬಿಸಿಲಲ್ಲಿ ಮನೆಯ ಕಡೆ ನಡೆಯುವಾಗ ಶೈಲಜಾಳಿಗೆ ಆ ಮಾತು ರೊಟ್ಟಿಯ ಬಗ್ಗೆ ಮಾತ್ರ ಅನ್ನಿಸಲಿಲ್ಲ...

* * *

ಶೈಲಜಾ ಒಂದು ಸ್ಥಳೀಯ ಸುದ್ದಿ ಆ್ಯಪ್‌ಗೆ 'ಇಲ್ಲೇ ಹತ್ತಿರ' ಎಂಬ ಅಂಕಣ ಬರೆಯುತ್ತಿದ್ದಳು. ವೈಟ್‌ಫೀಲ್ಡ್‌ನಿಂದ ಚಂದಾಪುರದವರೆಗೆ, ಹೊರಗೆ ಉಣ್ಣಬೇಕಾದವರು ಎಲ್ಲಿ ಉಣ್ಣಬಹುದು ಎಂದು ತಿಳಿಸುವ ಅಂಕಣ. ರುಚಿಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅವಳು ಬೇರೆಯದನ್ನು ಬರೆಯುತ್ತಿದ್ದಳು. ಕಾಡುಗೋಡಿಯ ಮುದ್ದೆ ಹೋಟೆಲಿನಲ್ಲಿ ಒಬ್ಬರೇ ಬಂದ ಹೆಂಗಸರಿಗೆ ಫ್ಯಾನಿನ ಕೆಳಗಿನ ಜಾಗ ಬಿಡುತ್ತಾರೆ. ಚಂದಾಪುರದ ಚಿತ್ರಾನ್ನದ ಗಾಡಿಯವರು ಬೆಳಗಿನ ಶಿಫ್ಟಿಗೆ ಓಡುವವರ ಪೊಟ್ಟಣವನ್ನು ಮೊದಲೇ ಕಟ್ಟಿಡುತ್ತಾರೆ. ಇಂಥವು.

ಬೇರೆಯವರ ಸಣ್ಣ ಸಣ್ಣ ಬೇಕು ಬೇಡಗಳು ಅವಳ ಕಣ್ಣಿಗೆ ಬೀಳುತ್ತಿದ್ದವು. ತನ್ನದೊಂದು ಮಾತ್ರ ಅವಳ ಬಾಯಿಗೆ ಬರುತ್ತಿರಲಿಲ್ಲ.

ಅಪ್ಪ ಹೋದಾಗ ಅವಳಿಗೆ ಹದಿಮೂರು ವರ್ಷ, ಅವ್ವ ಅದಕ್ಕೂ ಮೊದಲೇ ಇರಲಿಲ್ಲ. ಅಣ್ಣ ಈರೇಶ್ ಅವಳನ್ನು ಬೆಂಗಳೂರಿಗೆ ಕರೆತಂದು ಓದಿಸಿದ. ಅತ್ತಿಗೆ ವೇಣಿ ಮಗಳಂತೆ ನೋಡಿಕೊಂಡಳು. ಹನ್ನೊಂದನೆಯ ಮಹಡಿಯ ಆ ಮನೆಯಲ್ಲಿ ಯಾರೂ ಅವಳಿಗೆ ಗದರಿದ್ದಿಲ್ಲ. ಈರೇಶ್ ದಿನವೂ ಆಫೀಸಿನಿಂದ ಬಂದು ದಾಳಿಂಬೆ ಬಿಡಿಸಿ, ಬಟ್ಟಲು ತುಂಬಿಸಿ ತಂಗಿಯ ಕೈಗೆ ಕೊಡುತ್ತಿದ್ದ. ಅವಳಿಗೆ ದಾಳಿಂಬೆ ಸೇರುತ್ತಿರಲಿಲ್ಲ. ಹದಿನೆಂಟು ವರ್ಷಗಳಿಂದ ತಿನ್ನುತ್ತಿದ್ದಳು.

ಯಾವ ಕಾಲೇಜು, ಯಾವ ಬಣ್ಣದ ಸೀರೆ, ಎಷ್ಟು ಗಂಟೆಗೆ ಮನೆಗೆ... ಎಲ್ಲಕ್ಕೂ ಅವಳ ಉತ್ತರ ಒಂದೇ. "ಆಯ್ತಣ್ಣ."

ಹೊರವರ್ತುಲ ರಸ್ತೆಯಲ್ಲಿ ಸಂಜೆ ಸಿಕ್ಕಿಕೊಂಡ ಕಾರಿನ ಹಾಗಿತ್ತು ಅವಳ ಬದುಕು. ಒಳಗೆ ತಂಪು, ಮೆತ್ತನೆಯ ಸೀಟು, ಹಿತವಾದ ಹಾಡು. ಬಾಗಿಲು ತೆಗೆದು ಇಳಿಯಲು ಮಾತ್ರ ಜಾಗವಿಲ್ಲ.

* * *

ಅಂಕಣಕ್ಕೆ ಒಂದು ಭೇಟಿ ಸಾಕಿತ್ತು. ಅವಳು ಮುಂದಿನ ಬುಧವಾರವೂ ಹೋದಳು. ಅದರ ಮುಂದಿನ ಬುಧವಾರವೂ.

ಅವನ ಹೆಸರು ಅಮರೇಶ್, ಲಿಂಗಸೂಗೂರಿನ ಕಡೆಯವನು ಎಂದು ತಿಳಿಯಿತು. ತನ್ನ ಹೆಸರನ್ನೂ ಅಂಕಣದ ವಿಷಯವನ್ನೂ ಅವಳು ಹೇಳಿದಳು. ಒಳಗೆ ರೊಟ್ಟಿ ಬಡಿಯುವ ಶರಣಮ್ಮ ಅವನ ಚಿಕ್ಕಮ್ಮ. ಅವರ ಕೈಯ ಸದ್ದು ಊಟದ ಹೊತ್ತಿನುದ್ದಕ್ಕೂ ತಾಳ ಹಾಕಿದಂತೆ ಕೇಳುತ್ತಿತ್ತು.

ಎರಡು ರೊಟ್ಟಿ ಆದ ಮೇಲೆ ಅಮರೇಶ್ ಮೂರನೆಯದನ್ನು ಹಿಡಿದು ಅವಳ ಪಕ್ಕ ನಿಲ್ಲುತ್ತಿದ್ದ. ಅವಳ ತಟ್ಟೆಯನ್ನು ನೋಡುತ್ತಿರಲಿಲ್ಲ, ಮುಖವನ್ನೂ ನೋಡುತ್ತಿರಲಿಲ್ಲ. ಕಿಟಕಿಯಾಚೆ ಮೆಟ್ರೋ ಹೋಗುವುದನ್ನು ನೋಡುತ್ತ ಕಾಯುತ್ತಿದ್ದ. ಅವಳಿಗೆ ಮುಜುಗರವಾಗದಿರಲಿ ಎಂದು.

ಹೀಗೆ ನಿಂತ ಮೊದಲ ಎರಡು ಬುಧವಾರ ಅವಳ ಕೈ ಮಡಿಲಲ್ಲೇ ಉಳಿಯಿತು. ಮೂರನೆಯ ಬುಧವಾರ ಮೇಜಿನ ಅಂಚಿಗೆ ಬಂತು. ನಾಲ್ಕನೆಯ ಬುಧವಾರ ಅಂಗೈ ತಟ್ಟೆಯ ಮೇಲೆ ನಡುಗುತ್ತ ನಿಂತಿತು.

"ಸಾಕು."

ಉಸಿರಿನಷ್ಟು ಸಣ್ಣ ದನಿ. ಅಮರೇಶ್ ಏನೂ ಆಗದವನಂತೆ ತಲೆಬಾಗಿ ಒಳಗೆ ಹೋದ. ಮರುಕ್ಷಣ ರೊಟ್ಟಿಯ ತಾಳ ನಿಂತು, ಶರಣಮ್ಮ ಗಟ್ಟಿಯಾಗಿ ನಕ್ಕಿದ್ದು ಕೇಳಿಸಿತು. ಶೈಲಜಾಳಿಗೂ ನಗು ಬಂತು. ಜೊತೆಗೆ ಒಂದು ಭಯವೂ. ವಾರದಲ್ಲಿ ತಾನು ಒಂದೇ ದಿನ ಬದುಕುತ್ತಿದ್ದೇನೆಯೇ?

ಆ ರಾತ್ರಿಯೇ ಅಂಕಣ ಬರೆದು ಮುಗಿಸಿದಳು. ತಲೆಬರಹ ತಾನಾಗಿಯೇ ಹೊಳೆಯಿತು. 'ಸಾಕು ಸಾಕೆನಿಸುವ ಊಟ'.

ಸೊಗಸಾಗಿದೆ ಅಂದುಕೊಂಡಳು. ಅಲ್ಲೇ ತಪ್ಪಾದದ್ದು.

ಫೋನಿನಲ್ಲಿ ಬಹಳ ಜನ ತಲೆಬರಹದಿಂದ ಮುಂದೆ ಹೋಗುವುದಿಲ್ಲ. ಬೇಸತ್ತವರು ತಾನೇ ಸಾಕು ಸಾಕಪ್ಪ ಎನ್ನುವುದು? ಖಾನಾವಳಿಗೆ ಬರುತ್ತಿದ್ದವರು ಅಮರೇಶನಿಗೆ ಅದನ್ನು ತೋರಿಸಿ ನಕ್ಕರು. ಏನು ಗುರು, ಪೇಪರ್ ಮೇಡಂಗೆ ಸಾಕಾಗಿಹೋಯ್ತಂತಲ್ಲ ನಿನ್ನ ಊಟ, ಎಂದು ಕಿಚಾಯಿಸಿದರು. ಅವನು ತಲೆಬರಹವನ್ನೂ ಅದರ ಮೇಲಿದ್ದ ಅವಳ ಹೆಸರನ್ನೂ ಅಷ್ಟೇ ನೋಡಿದ. ಕೆಳಗಿನದನ್ನು ಓದುವ ಧೈರ್ಯ ಬರಲಿಲ್ಲ.

* * *

ಅದೇ ವಾರ ಈರೇಶ್ ಸಂಭ್ರಮದಿಂದ ಮನೆಗೆ ಬಂದ. ದಾವಣಗೆರೆಯ ಒಳ್ಳೆಯ ಮನೆತನ, ಹುಡುಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಂಜಿನಿಯರ್, ಫೋಟೋ ನೋಡಿಯೇ ಒಪ್ಪಿದ್ದಾರೆ. ಒಂದೇ ಮಾತು, ಮದುವೆಯಾದ ಮೇಲೆ ಹೋಟೆಲ್ ಹೋಟೆಲ್ ಸುತ್ತುವ ಆ ಬರವಣಿಗೆ ಬೇಡವಂತೆ. ಅದು ದೊಡ್ಡ ವಿಷಯವೇನಲ್ಲ, ಅಲ್ಲವೇ ಎಂದು ಅಣ್ಣ ಕೇಳಿದ. ಅವನ ಕಣ್ಣುಗಳಲ್ಲಿ ಅಪ್ಪನ ಜಾಗ ತುಂಬಿದ ತೃಪ್ತಿಯಿತ್ತು.

'ಸಾಕು' ಎಂಬ ಆ ಎರಡಕ್ಷರ ಶೈಲಜಾಳ ನಾಲಿಗೆಯ ತುದಿಯ ತನಕ ಬಂತು.

"ಆಯ್ತಣ್ಣ" ಎಂದಳು.

ಬುಧವಾರ ಖಾನಾವಳಿಯ ಮೆಟ್ಟಿಲುಗಳನ್ನು ಅವಳು ಒಂದೊಂದಾಗಿ ಹತ್ತಿದಳು. ಅವನಿಗೆ ಹೇಳಬೇಕು. ಏನೆಂದು ಹೇಳುವುದು? ತಡೆಯಿರಿ ಎಂದೇ? ನನ್ನನ್ನು ಬಿಡಿಸಿ ಎಂದೇ?

ಅಮರೇಶ್ ಬಾಗಿಲಲ್ಲೇ ಸಿಕ್ಕ. ಒಳಗೆ ಕರೆಯಲಿಲ್ಲ.

"ಸಾಕಾಗಿದ್ರ ನನ್ನ ಮುಂದ ಹೇಳಬಹುದಿತ್ರಿ. ಎಲ್ಲಾರ ಮುಂದ ಬರೀಬೇಕಿತ್ತೇನು?"

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ, ಹಾಗಲ್ಲ ಎಂಬ ಮಾತು ಎದೆಯಲ್ಲಿ ಎದ್ದಿತು. ಆದರೆ ಹಾಗಲ್ಲ ಎಂದರೆ ಹೇಗೆ ಎಂದು ಹೇಳಬೇಕಲ್ಲ! ಅದನ್ನು ಹೇಳಿ ಇನ್ನೇನು ಪ್ರಯೋಜನ... ಭಾನುವಾರಕ್ಕೆ ಹೂ ಮುಡಿಸುವ ಶಾಸ್ತ್ರ.

ಅವಳು ಇಳಿದು ಹೋದಳು. ಅವನು ಮೆಟ್ಟಿಲ ತುದಿಯಲ್ಲಿ, ಅವಳ ಆಟೋ ಮರೆಯಾಗುವ ತನಕ ನಿಂತಿದ್ದ. ಅದನ್ನು ಅವಳು ನೋಡಲಿಲ್ಲ.

* * *

ಭಾನುವಾರ ಮಧ್ಯಾಹ್ನ ಮನೆ ತುಂಬ ಮಲ್ಲಿಗೆ. ವೇಣಿ ನಾದಿನಿಯ ಸೆರಗು ಸರಿಪಡಿಸುತ್ತ, ಯಾಕೆ ಕೈ ಇಷ್ಟು ತಣ್ಣಗಿದೆ ಎಂದು ಕೇಳಿದಳು. ಏನಿಲ್ಲ ಎಂದಳು ಶೈಲಜಾ. ವೇಣಿ ಸ್ವಲ್ಪ ಹೊತ್ತು ಆ ಕೈಯನ್ನು ಬಿಡಲಿಲ್ಲ.

ಮೊದಲು ಊಟ, ಆಮೇಲೆ ಶಾಸ್ತ್ರ. ಗಂಡಿನವರು ಬೇಗ ಮರಳಬೇಕಿತ್ತು. ಹಜಾರದಲ್ಲಿ ಬಾಳೆ ಎಲೆ ಹಾಕಿದರು. ಶೈಲಜಾಳನ್ನು ಅತ್ತೆಯಾಗುವವರ ಪಕ್ಕ ಕೂರಿಸಿದರು. ಆಚೆ ಬದಿಗೆ ಹುಡುಗ, ಎಲೆ ನೋಡುತ್ತ ಕುಳಿತಿದ್ದ.

ಈರೇಶ್ ಬಗ್ಗಿ ತಂಗಿಯ ಕಿವಿಯಲ್ಲಿ ಹೇಳಿದ.

"ನೀನು ಬರೆದಿದ್ದೆಯಲ್ಲ ಆ ಖಾನಾವಳಿ, ಅವರಿಗೇ ಊಟಕ್ಕೆ ಹೇಳಿದೀನಿ. ನಿಂಗೆ ಇಷ್ಟ ಅಂತ."

ಅವಳು ತಲೆಯೆತ್ತಿದಳು. ಅಡುಗೆಮನೆಯ ಬಾಗಿಲಲ್ಲಿ, ರೊಟ್ಟಿಯ ಬುಟ್ಟಿ ಹಿಡಿದು ಅಮರೇಶ್ ನಿಂತಿದ್ದ.

ಅದು ಅವಳ ಮನೆಯೆಂದು ಅವನಿಗೂ ಗೊತ್ತಿರಲಿಲ್ಲ. ಫ್ಲ್ಯಾಟಿನ ನಂಬರು, ಮೂವತ್ತು ಜನರ ಊಟ ಎಂದಷ್ಟೇ ಗೊತ್ತಿತ್ತು. ಹಸಿರು ರೇಷ್ಮೆಯ ಸೀರೆಯನ್ನೂ ಅವಳ ಮುಖವನ್ನೂ ನೋಡಿ ಅವನಿಗೆ ಎಲ್ಲ ತಿಳಿಯಿತು. ಬುಟ್ಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ತುದಿಯಿಂದ ಒಂದೊಂದೇ ಎಲೆಗೆ ಬಡಿಸುತ್ತ ಬಂದ.

ಅವಳ ಎಲೆಗೆ ಒಂದು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಿತ್ತು. ಅವಳು ತಿಂದಳು. ಎರಡನೆಯದೂ ಬಿತ್ತು. ಅತ್ತೆಯಾಗುವವರು ಎಲೆಕ್ಟ್ರಾನಿಕ್ ಸಿಟಿಯ ಮನೆಯ ಬಗ್ಗೆ ಹೇಳುತ್ತಿದ್ದರು. ಪೂಜೆಯ ಕೋಣೆ ಎಲ್ಲಿದೆ, ಅವಳು ಎಷ್ಟು ಗಂಟೆಗೆ ಏಳಬೇಕಾಗುತ್ತದೆ, ವರ್ಷದೊಳಗೆ ಮಗು ಆದರೆ ಚೆಂದ...

ಮೂರನೆಯ ರೊಟ್ಟಿ ಹಿಡಿದು ಅಮರೇಶ್ ಅವಳ ಮುಂದೆ ನಿಂತ. ಎಂದಿನಂತೆ ಕಿಟಕಿಯ ಕಡೆ ನೋಡುತ್ತ ಕಾದ.

"ಹಾಕಪ್ಪ, ಕೇಳೋದೇನು? ನಮ್ಮ ಹುಡುಗಿ ಯಾವುದಕ್ಕೂ ಬೇಡ ಅನ್ನೋಳಲ್ಲ" ಎಂದು ಆಕೆ ಅಭಿಮಾನದಿಂದ ನಕ್ಕರು.

ಅಮರೇಶ್ ಹಾಕಲಿಲ್ಲ. ಕಾದ.

ಶೈಲಜಾಳ ಕೈ ಎದ್ದಿತು. ಬಳೆಗಳು ಸದ್ದು ಮಾಡಿದವು. ಅಂಗೈ ಎಲೆಯ ಮೇಲೆ ಅಡ್ಡ ನಿಂತಿತು. ಈ ಸಲ ನಡುಗಲಿಲ್ಲ.

"ಸಾಕು."

ಅವಳು ಅವನನ್ನು ನೋಡುತ್ತಿರಲಿಲ್ಲ. ಅಣ್ಣನನ್ನು ನೋಡುತ್ತಿದ್ದಳು.

"ರೊಟ್ಟಿ ಅಲ್ಲಣ್ಣ. ಇದು... ಈ ಸಂಬಂಧ ನಂಗೆ ಬೇಡ. ಬರೆಯೋದನ್ನ ಬಿಡೋಕೆ ಆಗಲ್ಲ. ಮೊದಲೇ ಹೇಳಬೇಕಿತ್ತು. ತಪ್ಪು ನಂದೇ."

ಅತ್ತೆಯಾಗಬೇಕಿದ್ದವರ ಮುಖ ಕೆಂಪೇರಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆ ಹುಡುಗನೇ ಎದ್ದು ನಿಂತ.

"ಬನ್ನಿ ಅಮ್ಮ, ಹೋಗೋಣ. ಅವರು ಈಗಲಾದ್ರೂ ಹೇಳಿದ್ರಲ್ಲ." ಹೊರಡುವ ಮುನ್ನ ಶೈಲಜಾಳಿಗೆ ಕೈಮುಗಿದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಅವನನ್ನೂ ಯಾರೂ ಸರಿಯಾಗಿ ಕೇಳಿರಲಿಲ್ಲವೇನೋ.

* * *

ಎಲ್ಲರೂ ಹೋದ ಮೇಲೆ ಈರೇಶ್ ಬಾಲ್ಕನಿಯಲ್ಲಿ ಕುಳಿತಿದ್ದ. ಶೈಲಜಾ ಪಕ್ಕದಲ್ಲಿ ಕುಳಿತಳು. ಕೆಳಗೆ ರಸ್ತೆಯಲ್ಲಿ ವಾಹನಗಳು ಇಂಚಿಂಚೇ ಸರಿಯುತ್ತಿದ್ದವು.

"ನಾನು ಬಲವಂತ ಮಾಡಿದ್ನಾ ಶೈಲಾ?" ಅವನ ದನಿ ಒಡೆದಿತ್ತು.

"ಇಲ್ಲಣ್ಣ. ನೀನು ಪ್ರೀತಿಯಿಂದ ಬಡಿಸ್ತಾನೇ ಇದ್ದೆ. ನಾನೇ ಕೈ ಅಡ್ಡ ಹಿಡೀಲಿಲ್ಲ."

ಅವನು ಅಭ್ಯಾಸದಂತೆ ಎದ್ದು ಹೋಗಿ ದಾಳಿಂಬೆ ತಂದ. ಬಿಡಿಸಲು ಶುರುಮಾಡಿದವನು ನಿಲ್ಲಿಸಿದ.

"ಬೇಕಾ?"

"ಬೇಡಣ್ಣ. ನಂಗೆ ದಾಳಿಂಬೆ ಸೇರಲ್ಲ."

ಈರೇಶ್ ತಂಗಿಯನ್ನೇ ನೋಡಿದ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ.

ಅದೇ ಸಂಜೆ, ಖಾನಾವಳಿಯಲ್ಲಿ ಪಾತ್ರೆಗಳೆಲ್ಲ ಒಳಗೆ ಸೇರಿದ ಮೇಲೆ, ಓದಲು ಬಾರದ ಶರಣಮ್ಮ ಅಮರೇಶನ ಫೋನನ್ನು ಅವನ ಕೈಗೇ ತುರುಕಿದರು. "ಮ್ಯಾಲಿನ ಒಂದ ಸಾಲು ಓದಿ ಸಿಟ್ಟಾದಿ. ಆ ಹುಡುಗಿ ಅಷ್ಟೇ ಬರದಿರಂಗಿಲ್ಲ. ಪೂರಾ ಓದು, ನಂಗೂ ಕೇಳಲಿ."

ಅವನು ಗಟ್ಟಿಯಾಗಿ ಓದಿದ. ಕೊನೆಯ ಸಾಲುಗಳಿಗೆ ಬಂದಾಗ ದನಿ ತಗ್ಗಿತು.

'ಇಲ್ಲಿ ಹೊಟ್ಟೆ ತುಂಬ ಬಡಿಸುತ್ತಾರೆ, ಅದು ದೊಡ್ಡದಲ್ಲ. ನಾವು ಸಾಕು ಎನ್ನುವ ತನಕ, ಮುಖ ನೋಡದೆ, ಅವಸರ ಮಾಡದೆ ಕಾಯುತ್ತಾರೆ. ನನಗೆ ಯಾರೂ ಹಾಗೆ ಕಾದಿರಲಿಲ್ಲ. ಒಬ್ಬರೇ ಇದ್ದರೂ ಹೋಗಿ ಬನ್ನಿ.'

ಶರಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆ ಎಂದರು. ಒಲೆ ಆರಿ ಒಂದು ಗಂಟೆಯಾಗಿತ್ತು.

* * *

ಬುಧವಾರ ಶೈಲಜಾ ಮೆಟ್ಟಿಲು ಹತ್ತಿದಾಗ ಕಿಟಕಿಯ ಪಕ್ಕದ ಮೇಜು ಖಾಲಿಯಿತ್ತು. ಯಾರೂ ಕೂರದಿರಲೆಂದು ಅದರ ಮೇಲೆ ನೀರಿನ ಲೋಟವೊಂದನ್ನು ಮೊದಲೇ ಇಟ್ಟಿದ್ದರು.

ಅಮರೇಶ್ ತಟ್ಟೆ ತಂದಿಟ್ಟ.

"ಪೂರಾ ಓದಿದ್ನಿರಿ. ತಡಾ ಮಾಡಿ ಓದಿದೆ. ತಪ್ಪಾತು."

"ನಾನೂ ತಡವಾಗಿಯೇ ಹೇಳಿದ್ದು" ಎಂದಳು ಅವಳು. "ಭಾನುವಾರ ನಾನು ನಿಮ್ಮ ರೊಟ್ಟಿಗೆ ಸಾಕು ಅಂದಿದ್ದಲ್ಲ."

"ಗೊತ್ತದ."

ಒಂದು ರೊಟ್ಟಿ ಆಯಿತು. ಎರಡಾಯಿತು. ಒಳಗೆ ಶರಣಮ್ಮನ ತಾಳ ನಿಧಾನವಾಯಿತು. ಕಿವಿ ಇತ್ತಲೇ ಇತ್ತು.

ಅಮರೇಶ್ ಮೂರನೆಯದನ್ನು ಹಿಡಿದು ಬಂದು ನಿಂತ. ಕಿಟಕಿಯಾಚೆ ಮೆಟ್ರೋ ಹೋಯಿತು. ಇಂದು ಅವನು ಅದನ್ನು ನೋಡಲಿಲ್ಲ. ಅವಳ ಮುಖವನ್ನೇ ನೋಡಿದ.

"ಸಾಕೇನ್ರಿ?"

ಶೈಲಜಾ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಸಾಕಾದಾಗ ಹೇಳ್ತೀನಿ. ಈಗ ಹೇಳೋಕೆ ಬರುತ್ತೆ ನಂಗೆ."

"ಯಾವಾಗ ಸಾಕಾಗ್ತದ?"

ಅವಳು ಸ್ವಲ್ಪ ಯೋಚಿಸಿದಳು.

"ಈ ಜನ್ಮಕ್ಕಂತೂ ಆಗೋ ಹಾಗೆ ಕಾಣಲ್ಲ... ನೀವು ಬಡಿಸ್ತಾ ಇರಿ."