ಸೊಟ್ಟ ಕರ್ಚಿಕಾಯಿ

"ಅಕ್ಕಾ, ಅಪ್ಪ ಎಣ್ಣಿಗೆ ಅಂಜಾಕತ್ಯಾನ!"

ಆರು ವರ್ಷದ ಅನಿಲ ಅಡುಗೆಮನೆ ಬಾಗಿಲಲ್ಲಿ ನಿಂತು ಕಿರುಚಿದ. ಅಂಧೇರಿಯಲ್ಲಿ ಇಪ್ಪತ್ತನೇ ಮಾಳಿಗೆ ಏರಿ ಲಿಫ್ಟ್ ರಿಪೇರಿ ಮಾಡುವ ಅಪ್ಪ ದೇವಾನಂದ, ಕಾದ ಎಣ್ಣೆಯಿಂದ ಮೂರಡಿ ದೂರ ನಿಂತು ಕರ್ಚಿಕಾಯಿ ಎಸೆಯುತ್ತಿದ್ದ.

"ಅಂಜಿಕಿ ಏನಿಲ್ಲ. ಸೇಫ್ಟಿ!" ಅಂದ ಅಪ್ಪ.

ಅಕ್ಕ ಅನುರಾಧಾಳಿಗೆ ನಗು ಬಂತು. ಅವಳು ನೆಲದ ಮೇಲೆ ಕೂತು ಅವ್ವನ ಹಳೇ ಪ್ಲಾಸ್ಟಿಕ್ ಅಚ್ಚಿನಲ್ಲಿ ಕರ್ಚಿಕಾಯಿ ಒತ್ತುತ್ತಿದ್ದಳು. ಮೂಗಿನ ಮೇಲೂ ಹಿಟ್ಟು.

ಅವ್ವ ತೀರಿಕೊಂಡ ಮೇಲೆ ಇದೇ ಮೊದಲ ಕ್ರಿಸ್ಮಸ್. ದಹಿಸರ್‌ನ ಅವರ ಬಿಲ್ಡಿಂಗಿನಲ್ಲಿ ಎಲ್ಲರೂ ಕೇಕ್ ತಂದರೆ, ಬೀದರ್‌ನ ಅವ್ವ ಮಾತ್ರ ಕರ್ಚಿಕಾಯಿ ಕರಿಯುತ್ತಿದ್ದಳು. ಅದರಲ್ಲೂ ಒಂದು ಕಿತಾಪತಿ. ಒಂದೇ ಒಂದರೊಳಗೆ ಕೊಬ್ಬರಿ ಸಕ್ಕರೆ ಬದಲು ಖಾರದ ಪುಡಿ! ಚರ್ಚಿನಿಂದ ಬಂದಮೇಲೆ ಎಲ್ಲರೂ ಒಂದೊಂದು ಎತ್ತಿಕೊಂಡು, ಒನ್, ಟೂ, ಥ್ರೀ ಅಂದಕೂಡಲೇ ಕಚ್ಚಬೇಕು.

"ಸೊಟ್ಟಂದು ನನಗಿರ್ಲಿ, ಚಂದಂದು ನೀವು ತಿನ್ರಿ," ಅನ್ನುತ್ತಿದ್ದಳು ಅವ್ವ. ಆದರೂ ಖಾರದ್ದು ಪ್ರತಿ ವರ್ಷ ಅವಳಿಗೇ. ನಾಲಗೆ ಚಾಚಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಮನೆತುಂಬ ಕುಣಿಯುವಳು.

"ಅವ್ವನ ನಸೀಬೇ ಖೊಟ್ಟಿ!" ಅಂತ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

"ಈ ಸಲ ಖಾರದ್ದು ಇಲ್ಲಂದ್ರ ಕ್ರಿಸ್ಮಸ್ ಕ್ಯಾನ್ಸಲ್," ಅಂತ ಅನಿಲ ನಿನ್ನೆಯೇ ಧಮಕಿ ಹಾಕಿದ್ದ.

ಅನುರಾಧಾ ಅವನನ್ನು ಹೊರಗೆ ಅಟ್ಟಿ, ಕೊನೆಯದರಲ್ಲಿ ಒಂದು ಚಮಚ ಖಾರದ ಪುಡಿ ತುಂಬಿ ಅಚ್ಚು ಒತ್ತಿದಳು. ತಟ್ಟೆಯಲ್ಲಿ ಇಡಲು ಹೋದವಳು ಕೈ ಹಿಂದೆ ಎಳೆದುಕೊಂಡಳು. ಎಲ್ಲವೂ ಒಂದೇ ಥರ! ಇದು ಅನಿಲನ ಕೈಗೆ ಸಿಕ್ಕರೆ? ವಡಾಪಾವ್ ಜೊತೆಗಿನ ಮೆಣಸಿನಕಾಯಿ ಮುಟ್ಟಿದರೇ ಬಿಲ್ಡಿಂಗ್ ಅಲುಗುವಂತೆ ಅಳುವ ಪ್ರಾಣಿ ಅದು.

ಗುರುತಿರಲಿ ಎಂದು ಅದರ ಮೂಲೆಯನ್ನು ಹೆಬ್ಬೆರಳಿನಿಂದ ಬಗ್ಗಿಸಿದಳು. ಕರ್ಚಿಕಾಯಿ ಸೊಟ್ಟಗಾಯಿತು.

ಅವಳ ಕೈ ಅಲ್ಲೇ ನಿಂತಿತು.

ಅಚ್ಚಿನಲ್ಲಿ ಒತ್ತಿದ್ದು ತಾನಾಗಿಯೇ ಸೊಟ್ಟಗಾಗುವುದಿಲ್ಲ. ಹಾಗಿದ್ದರೆ ಅವ್ವನ ತಟ್ಟೆಯಲ್ಲಿ ವರ್ಷ ವರ್ಷವೂ ಸೊಟ್ಟದ್ದು ಒಂದೇ ಒಂದು ಇರುತ್ತಿದ್ದುದು ಹೇಗೆ?

"ಅವ್ವಾ, ಚೀಟರ್!" ಅಂದಳು ಅನುರಾಧಾ, ಮೆಲ್ಲಗೆ. ಇಷ್ಟು ವರ್ಷ ಮೋಸ ಮಾಡಿದಳಲ್ಲ ಎಂದು ಸಿಟ್ಟು ಬಂತು. ಅವ್ವ ಈಗಲೇ ಬೇಕು ಅನ್ನಿಸಿತು.

ಮರುದಿನ ಚರ್ಚಿನಲ್ಲಿ ಪಾಸ್ಟರ್ ಅಂಕಲ್‌ರ ಪ್ರಸಂಗ ಎಂದಿನಂತೆ ಮುಗಿಯಲೇ ಇಲ್ಲ. ಅಂತೂ ಮನೆಗೆ ಬಂದು ಮೂವರೂ ತಟ್ಟೆಯ ಸುತ್ತ ಕೂತರು. ಅನಿಲ ಸೀದಾ ಸೊಟ್ಟದ್ದಕ್ಕೇ ಕೈ ಹಾಕಿದ.

ಅನುರಾಧಾ ಅವನ ಕೈಗೆ ಪಟ್ಟಂತ ಹೊಡೆದಳು. "ಸೊಟ್ಟಂದು ನನಗಿರ್ಲಿ. ಚಂದಂದು ನೀ ತಿನ್ನು."

ಅಪ್ಪ ತಲೆಯೆತ್ತಿ ಅವಳನ್ನು ನೋಡಿದ.

"ಒನ್, ಟೂ, ಥ್ರೀ!"

ಬಾಯಿಗೆ ಬೆಂಕಿ ಬಿತ್ತು. ಸೆರಗು ಇರಲಿಲ್ಲ, ಹೊಸ ಫ್ರಾಕಿನ ಅಂಚಿನಿಂದಲೇ ಗಾಳಿ ಹಾಕಿಕೊಳ್ಳುತ್ತ ಅನುರಾಧಾ ಮನೆತುಂಬ ಕುಣಿದಳು.

"ಅಕ್ಕನ ನಸೀಬೂ ಖೊಟ್ಟಿ!" ಅನಿಲ ನೆಲದ ಮೇಲೆ ಉರುಳಾಡಿ ನಕ್ಕ.

ಅಪ್ಪ ತನ್ನ ಕರ್ಚಿಕಾಯಿ ಕಚ್ಚಿಯೇ ಇರಲಿಲ್ಲ. ಆಗಲೇ ಎರಡು ತುಂಡು ಮಾಡಿ, ಒಂದನ್ನು ಅವಳ ಕಡೆಗೆ ಚಾಚಿ ಕಾಯುತ್ತಿದ್ದ.

"ಅಪ್ಪಾ, ನಿನಗೂ ಗೊತ್ತಿತ್ತೇನು?"

"ಬಾಯಿ ತೆರಿ," ಅಂದ ಅಪ್ಪ.