ನಾಲ್ಕು ಕಪ್ಪುಪಟ್ಟೆಯ ಮರಿಗಳು

"ಶಾರದಮ್ಮಾರ, ನನ್ನ ಮ್ಯಾಲೆ ಕಳ್ಳತನದ ಹೆಸರು ಬಂದೈತ್ರಿ."

ಟೆಕ್ಸಾಸಿನ ರೌಂಡ್ ರಾಕಿನ ಮನೆಯ ಬಾಗಿಲಲ್ಲಿ ನಿಂತು ನಿಶ್ಚಲ್ ಇಷ್ಟು ಹೇಳುವುದರೊಳಗೆ ಮಹತಿ ಕಾರಿನ ಕೀ ಹುಡುಕತೊಡಗಿದ್ದಳು. ಅತ್ತೆಯ ಕೈಗೆ ಕೇಸು ಬಂತೆಂದರೆ ಡ್ರೈವ್ ಮಾಡುವುದು ಸೊಸೆಯ ಪಾಲಿನ ಕೆಲಸ. ಶಾರದಮ್ಮ ರಾಮನಗರದ ಕಡೆಯ ರೇಷ್ಮೆ ಬಿತ್ತನೆ ಕೋಠಿಯೊಂದರಲ್ಲಿ ಮೂವತ್ತೊಂದು ವರ್ಷ ಮೊಟ್ಟೆ, ತಳಿ ನೋಡಿಕೊಂಡು ನಿವೃತ್ತರಾದವರು. ಇಲ್ಲಿಗೆ ಬಂದ ಎರಡೇ ವರ್ಷದಲ್ಲಿ, ಗಣೇಶನ ಹಬ್ಬದಲ್ಲಿ ಮಾಯವಾಗಿದ್ದ ಬೆಳ್ಳಿ ಕಿರೀಟವನ್ನು ಯಾರದೋ ರೈಸ್ ಕುಕ್ಕರಿನಿಂದ ಹೊರತೆಗೆದು, ಸುತ್ತಲಿನ ಕನ್ನಡಿಗರಿಗೆಲ್ಲ ಪತ್ತೇದಾರಿ ಆಂಟಿ ಆಗಿಬಿಟ್ಟಿದ್ದರು. ಮಹತಿಗೆ ಅತ್ತೆಯ ಮೇಲೆ ಎಂಥ ಹೆಮ್ಮೆಯೆಂದರೆ, ತನಗೆ ಪ್ರಮೋಷನ್ ಬಂದ ದಿನವೂ ಆಫೀಸಿನಲ್ಲಿ ಆ ಕಿರೀಟದ ಕತೆಯನ್ನೇ ಮೊದಲು ಹೇಳಿದ್ದಳು.

ನಿಶ್ಚಲ್ ಧಾರವಾಡದ ಹುಡುಗ, ಆಸ್ಟಿನ್ನಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಅವನೂ, ಲಿಯಾಂಡರಿನ ಅನಘಾ ಮತ್ತು ಫ್ಲೂಗರ್‌ವಿಲ್‌ನ ದುಷ್ಯಂತ್ ಎಂಬ ಗೆಳೆಯರೂ ಲೆಪರ್ಡ್ ಗೆಕ್ಕೊ ಎಂಬ ಗೇಣುದ್ದದ ಹಲ್ಲಿಗಳನ್ನು ಸಾಕುತ್ತಿದ್ದರು. ಅನಘಾಳ ಹೆಣ್ಣು ಗೌರಿ, ದುಷ್ಯಂತನ ಗಂಡು ಕೇಸರಿ, ಎರಡೂ ಆಲ್ಬಿನೊಗಳು. ಅಂದರೆ ಮೈಮೇಲೆ ಕಪ್ಪು ಬಣ್ಣದ ಸುಳಿವೇ ಇಲ್ಲದ ತಿಳಿಹಳದಿ ಗೆಕ್ಕೊಗಳು. ಅವೆರಡನ್ನೂ ಕೂಡಿಸಿದ್ದರು. ಗೌರಿ ಇಟ್ಟ ನಾಲ್ಕು ಮೊಟ್ಟೆಗಳನ್ನು ನಿಶ್ಚಲನ ಕೋಣೆಯಲ್ಲಿದ್ದ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದರು. ಎರಡು ತಿಂಗಳಾದ ಮೇಲೆ ಹೊರಬಂದ ನಾಲ್ಕೂ ಮರಿಗಳ ಮೈತುಂಬ ಕಪ್ಪು ಪಟ್ಟೆ.

"ಅಪ್ಪ-ಅವ್ವಗ ಇಲ್ಲದ ಕಪ್ಪು ಮರಿಗೆ ಎಲ್ಲಿಂದ ಬಂತು ಅಂತಾರ್ರಿ. ನಮ್ಮ ಮೊಟ್ಟಿ ತಗೊಂಡು, ನಿನ್ನ ಸಾದಾ ಗೆಕ್ಕೊದ ಮೊಟ್ಟಿ ಇಟ್ಟಿ ಅಂತಾರ್ರಿ. ಬರೋ ಭಾನುವಾರ ಎಲ್ಲಾರೂ ಕೂಡಿ ಗೆಕ್ಕೊ ಸಾಕೋರ ಗುಂಪಿಂದ ನನ್ನ ಹೊರಗ ಹಾಕ್ತಾರ. ಅದು ಹೋಗ್ಲಿ ಬಿಡ್ರಿ, ಅನಘಾನೂ ನನ್ನ ಕಳ್ಳ ಅಂತ ನಂಬ್ಯಾಳ. ಅದನ್ನ ತಡಕೊಳ್ಳಾಕ ಆಗವಲ್ದು."

ಶಾರದಮ್ಮ ಕನ್ನಡಕ ಒರೆಸಿಕೊಂಡು ಎದ್ದರು. "ನಡಿಯಪ್ಪ, ಮೊದಲು ನಿನ್ನ ಮನೆ ನೋಡೋಣ."

ನಿಶ್ಚಲನ ಕೋಣೆಯಲ್ಲಿ ಮೈಮೇಲೆ ಕಪ್ಪು ಇರುವ ಸಾದಾ ಗೆಕ್ಕೊಗಳು ಎರಡೇ ಇದ್ದವು, ಬೇರೆ ಬೇರೆ ಪೆಟ್ಟಿಗೆಗಳಲ್ಲಿ. ಶಾರದಮ್ಮ ಒಂದೊಂದನ್ನೇ ಅಂಗೈಮೇಲೆ ಎತ್ತಿಕೊಂಡು ಕೆಳಗಿನಿಂದ ನೋಡಿದರು. ಎರಡಕ್ಕೂ ಹಿಂಗಾಲುಗಳ ನಡುವೆ ಬಾಣದ ತುದಿಯಂತೆ ಸಾಲಾಗಿ ಚುಕ್ಕೆಗಳಿದ್ದವು.

"ರೇಷ್ಮೆ ಹುಳದ ಗಂಡು ಹೆಣ್ಣನ್ನೂ ನಾವು ಹೊಟ್ಟೆ ತಿರುಗಿಸಿಯೇ ನೋಡ್ತಿದ್ದಿದ್ದು," ಎಂದರು. "ಮಹತಿ, ಎರಡಕ್ಕೂ ಚುಕ್ಕೆ ಸಾಲು ಇದೆ ಅಂತ ಬರ್ಕೊ."

ಅಲ್ಲಿಂದ ಲಿಯಾಂಡರಿಗೆ ಹೋದರು. ಅನಘಾ ಮುಖ ಬಿಗಿದುಕೊಂಡೇ ಗೌರಿಯನ್ನು ತೋರಿಸಿದಳು. ಪೆಟ್ಟಿಗೆಯ ಮೇಲೆ ಡ್ಯಾಲಸ್ಸಿನ ಬ್ರೀಡರ್ ಕೊಟ್ಟ ಅಚ್ಚಿನ ಲೇಬಲ್ಲಿತ್ತು, ಅದರಲ್ಲಿ ಟ್ರೆಂಪರ್ ಎಂಬ ಆಲ್ಬಿನೊ ತಳಿಯ ಹೆಸರಿತ್ತು. ಗೌರಿಯ ಕಣ್ಣು ಬೆಳ್ಳಿಯ ಬಣ್ಣದ್ದು, ಅದರಲ್ಲಿ ಕೆಂಪು ಎಳೆಗಳು.

"ಇದರ ಜೊತೆ ಬೇರೆ ಗಂಡು ಯಾವತ್ತಾದರೂ ಇತ್ತೇನಮ್ಮ?"

"ಇಲ್ಲ ಆಂಟಿ, ಮರಿ ಇದ್ದಾಗಿಂದ ಒಂಟಿ. ಕೇಸರಿ ಒಂದೇ." ಅನಘಾ ತಡೆದು ಹೇಳಿದಳು, "ನಿಶ್ಚಲ್ ಹೀಗೆ ಮಾಡ್ತಾನೆ ಅಂತ ನನಗೂ ನಂಬೋಕೆ ಇಷ್ಟ ಇಲ್ಲ ಆಂಟಿ. ಆದ್ರೆ ಮರಿಗಳು ಕಣ್ಣೆದುರಿಗೇ ಇವೆಯಲ್ಲ?"

ಫ್ಲೂಗರ್‌ವಿಲ್ಲಿನಲ್ಲಿ ದುಷ್ಯಂತ್ ಕಾಫಿ ಕೊಟ್ಟು ಸತ್ಕರಿಸಿದ. ಗೆಕ್ಕೊ ವಿಷಯದಲ್ಲಿ ಗುಂಪಿಗೆಲ್ಲ ಅವನೇ ಗುರು. ಯಾವ ಮಾರ್ಫ್, ಅಂದರೆ ಯಾವ ಬಣ್ಣದ ಬಗೆ ಎಂದು ಫೋಟೊ ನೋಡಿಯೇ ಹೇಳುವವನೆಂದು ಹೆಸರು.

"ಕೇಸರಿನೂ ಟ್ರೆಂಪರ್ರೇ, ಆಂಟಿ. ಡ್ಯಾಲಸ್‌ನಲ್ಲಿ ಅದೇ ಬ್ರೀಡರ್ ಹತ್ರ ತಗೊಂಡಿದ್ದು."

ಕೇಸರಿಯ ಲೇಬಲ್ ಮಾತ್ರ ಕಪ್ಪು ಮಾರ್ಕರಿನಲ್ಲಿ ಕೈಯಿಂದ ಬರೆದದ್ದಾಗಿತ್ತು. ಅದರ ಕಣ್ಣು ಬೆಳ್ಳಿಯದಲ್ಲ, ನಸುಗೆಂಪು. ಬಾಲದ ತುದಿ ಚೂರು ಮುರಿದಿತ್ತು. ಶಾರದಮ್ಮ ಅದರ ಫೋಟೊ ತೆಗೆಸಿದರು. ಮೂಲೆಯಲ್ಲಿ ಗೆಕ್ಕೊಗಳ ಊಟಕ್ಕೆಂದು ಮಿಡತೆ ತುಂಬಿಟ್ಟಿದ್ದ ಹಳೇ ಡಬ್ಬಿಯ ಮೇಲೆ ಹರಿದ ಚೀಟಿಯೊಂದಿತ್ತು. ಅದರಲ್ಲಿ ಹ್ಯೂಸ್ಟನ್ನಿನ ಸರೀಸೃಪ ಮೇಳದ ಹೆಸರು, ಮೇಜಿನ ನಂಬರು ಹದಿನೇಳು.

ಕಾರು ಹತ್ತಿದ ಮೇಲೆ ಅತ್ತೆ ಕೇಳಿದರು, "ಹ್ಯೂಸ್ಟನ್ ಎಷ್ಟು ದೂರ?"

"ಮೂರು ಗಂಟೆ, ಅತ್ತೆ. ಶನಿವಾರ ಮೇಳ ಇದೆ, ಆಗಲೇ ನೋಡಿದೆ."

"ಹಾಗಾದ್ರೆ ಚಿತ್ರಾನ್ನ ಕಟ್ಕೊಳ್ಳೋಣ."

ಶನಿವಾರ ಹದಿನೇಳನೇ ಮೇಜಿನ ಹಿಂದೆ ಒಬ್ಬ ಅಮೆರಿಕನ್ ಅಜ್ಜಿ ಕೂತಿದ್ದಳು. ಮುರಿದ ಬಾಲದ ಫೋಟೊ ನೋಡಿದ ಕೂಡಲೇ ತನ್ನ ಮರಿಯನ್ನು ಗುರುತು ಹಿಡಿದಳು. ಹದಿನೈದು ವರ್ಷಗಳಿಂದ ತನ್ನ ಮನೆಯಲ್ಲಿರುವುದು ಬೆಲ್ ಎಂಬ ಒಂದೇ ಆಲ್ಬಿನೊ ತಳಿಯೆಂದೂ ಬೇರೆಯದನ್ನು ಹೊಸ್ತಿಲು ದಾಟಿಸಿಲ್ಲವೆಂದೂ ಹೇಳಿ ಎದೆಯುಬ್ಬಿಸಿದಳು. ಮಹತಿ ಅದನ್ನು ಕನ್ನಡದಲ್ಲಿ ಹೇಳಿದಾಗ ಶಾರದಮ್ಮ ಅಜ್ಜಿಯ ಕೈ ಹಿಡಿದು ಕುಲುಕಿದರು.

ಭಾನುವಾರ ಅನಘಾಳ ಮನೆಯಲ್ಲಿ ಎಲ್ಲರೂ ಸೇರಿದರು. ನಿಶ್ಚಲ್ ಬಾಗಿಲ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ.

"ಮೊದಲನೇ ಮಾತು," ಎಂದರು ಶಾರದಮ್ಮ. "ನಿಶ್ಚಲ್ ತನ್ನ ಗೆಕ್ಕೊಗಳ ಮೊಟ್ಟೆ ಇಟ್ಟ ಅಂತ ದೂರು. ಅವನ ಹತ್ರ ಇರೋವು ಎರಡೂ ಗಂಡು. ಕಾಲಿನ ನಡುವೆ ಚುಕ್ಕೆ ಸಾಲು ಎದ್ದು ಕಾಣುತ್ತೆ. ಗಂಡು ಎಲ್ಲಿಂದ ಮೊಟ್ಟೆ ಇಡುತ್ತೆ?"

ಯಾರೋ ಕಿಸಕ್ಕೆಂದರು. ಅಷ್ಟು ದಿನ ಯಾರೂ ಅವುಗಳ ಹೊಟ್ಟೆ ನೋಡಿರಲಿಲ್ಲ.

"ಆದ್ರೆ ಆಲ್ಬಿನೊ ಅಂದ್ರೆ ಆಲ್ಬಿನೊನೇ ತಾನೆ ಆಂಟಿ?" ಎಂದ ದುಷ್ಯಂತ್. "ಕಪ್ಪು ಹೇಗೆ ಬಂತು?"

"ಒಬ್ಬಳ ಮನೇಲಿ ಬೇಳೆ ಇಲ್ಲ. ಇನ್ನೊಬ್ಬಳ ಮನೇಲಿ ಹುಣಸೆಹಣ್ಣಿಲ್ಲ. ಇಬ್ಬರ ಮನೇಲೂ ಸಾರಿಲ್ಲ. ಇಬ್ಬರೂ ಒಂದೇ ಅಡುಗೆಮನೆಗೆ ಬಂದ್ರೆ?"

"ಸಾರು ಆಗುತ್ತೆ," ಎಂದಳು ಅನಘಾ ಮೆಲ್ಲಗೆ.

"ಆಯ್ತಲ್ಲ. ಗೌರಿ ಟ್ರೆಂಪರ್, ಕೇಸರಿ ಬೆಲ್. ಕಪ್ಪು ಬಣ್ಣ ಮಾಡೋದಕ್ಕೆ ಗೌರಿಗೆ ಒಂದು ಕಡಿಮೆ, ಕೇಸರಿಗೆ ಬೇರೆ ಒಂದು ಕಡಿಮೆ. ಅಮ್ಮನಲ್ಲಿ ಇಲ್ಲದ್ದನ್ನ ಅಪ್ಪ ಕೊಟ್ಟ, ಅಪ್ಪನಲ್ಲಿ ಇಲ್ಲದ್ದನ್ನ ಅಮ್ಮ ಕೊಟ್ಟಳು. ಮರಿಗಳೆಲ್ಲ ಕಪ್ಪು ಪಟ್ಟೆಯವಾದವು. ಕಣ್ಣಿನ ಬಣ್ಣ ಬೇರೆ ಬೇರೆ ಇದ್ದಾಗಲೇ ನನಗೆ ಅನುಮಾನ. ಕೈಬರಹದ ಲೇಬಲ್ ಅದನ್ನ ಹೆಚ್ಚಿಸ್ತು. ಹ್ಯೂಸ್ಟನ್ ಚೀಟಿ ಬಾಗಿಲು ತೆಗೀತು, ಅಲ್ಲಿ ಕೇಸರಿನ ಮಾರಿದ ಅಜ್ಜಿನೇ ಅದು ಬೆಲ್ ಅಂತ ಹೇಳಿದ್ರು."

ಶಾರದಮ್ಮನ ದನಿ ಇಳಿಯಿತು. "ನಮ್ಮ ಕೋಠಿಯಲ್ಲೂ ಒಮ್ಮೆ ಎರಡು ಬಿಳಿಗೂಡಿನ ತಳಿ ಕೂಡಿಸಿದಾಗ ಹಳದಿ ಗೂಡು ಬಂತು. ಬಿತ್ತನೆ ಕಲಬೆರಕೆ ಮಾಡಿದಳು ಅಂತ ನನ್ನ ಮೇಲೇ ದೂರು. ಒಂದು ತಿಂಗಳು ಯಾರೂ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ತಳಿ ಚೀಟಿ ಸರಿಯಾಗಿ ಬರೆದಿಟ್ಟಿದ್ದೆ, ಅದರಿಂದ ಉಳ್ಕೊಂಡೆ. ಈ ಹುಡುಗನಿಗೆ ಸುಳ್ಳು ಚೀಟಿ ಸಿಕ್ತು."

ಅತ್ತೆ ಈ ಮಾತನ್ನು ಮನೆಯಲ್ಲಿ ಒಮ್ಮೆಯೂ ಆಡಿರಲಿಲ್ಲ. ಮಹತಿಯ ಕಣ್ಣು ತುಂಬಿ ಬಂತು.

ದುಷ್ಯಂತನ ಮುಖ ಸಪ್ಪಗಾಯಿತು. "ಅವತ್ತು ಮೇಳದಲ್ಲಿ ತಳಿ ಕೇಳೋದು ಮರೆತೆ. ಇಲ್ಲಿ ಬಂದ ಮೇಲೆ ಎಲ್ಲರೂ ಯಾವುದು ಅಂತ ಕೇಳಿದ್ರು. ಗೊತ್ತಿಲ್ಲ ಅನ್ನೋಕೆ ನಾಲಿಗೆ ಏಳಲಿಲ್ಲ, ಟ್ರೆಂಪರ್ ಅಂದೆ, ಡ್ಯಾಲಸ್ ಅಂದೆ, ಲೇಬಲ್ಲೂ ಬರೆದುಬಿಟ್ಟೆ. ಹೇಳಿ ಹೇಳಿ ಅದು ಟ್ರೆಂಪರ್ರೇ ಅಂತ ನಾನೂ ನಂಬಿಬಿಟ್ಟೆ. ಸಾರಿ, ನಿಶ್ಚಲ್."

ಅನಘಾ ಎದ್ದು ಬಾಗಿಲ ಹತ್ತಿರ ಹೋದಳು. "ನಾನು ಒಂದು ಮಾತು ನಿನ್ನನ್ನೇ ಕೇಳಬೇಕಿತ್ತು ಕಣೋ," ಎಂದು ಅವನನ್ನು ಒಳಗೆ ಕರೆತಂದು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

"ಈಗ ಮರಿಗಳಿಗೆ ಚೀಟಿ ಬರೀರಿ," ಎಂದರು ಶಾರದಮ್ಮ. "ಗೊತ್ತಿರೋದು ಮಾತ್ರ."

ದುಷ್ಯಂತ್ ಜೇಬಿನಿಂದ ಅದೇ ಕಪ್ಪು ಮಾರ್ಕರ್ ತೆಗೆದು ಬಿಡಿಸಿ ಬರೆದ: ತಾಯಿ ಗೌರಿ, ಟ್ರೆಂಪರ್. ತಂದೆ ಕೇಸರಿ, ಬೆಲ್. ಆಮೇಲೆ, ಯಾರೂ ಹೇಳದಿದ್ದರೂ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಎರಡು ತಿಂಗಳು ಮೊಟ್ಟೆ ಕಾದವನು ನಿಶ್ಚಲ್.